ಅಮ್ಮನ ಬದಲು ಮಗ ಟಿಕ್ ಹಾಕಿದ್ರೆ ಆಗಲ್ವಾ?

ಆಗಲ್ಲ.

ಕ್ಯಾನ್ಸರ್ ಔಷಧಿಗಳನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಟ್ರಯಲ್‌ನಲ್ಲಿ ಕೋಆರ್ಡಿನೇಟರ್ ಆಗಿರುವ ನನಗೆ ದಿನಾ ಬರುವ ಪ್ರಶ್ನೆ ಇದು. ಟ್ರಯಲ್‌ಗೆ ಸೇರಿದವರು ಆಗಾಗ ತಾವು ಹೇಗಿದ್ದೇವೆ ಅಂತ ತಿಳಿಸುವ ಒಂದು ಪ್ರಶ್ನಾವಳಿ ತುಂಬಬೇಕು. ಹೆಚ್ಚಾಗಿ ಬಳಸುವುದು ಕ್ಯೂಎಲ್‌ಕ್ಯೂ-ಸಿ30. ಯುರೋಪಿನ ಸಂಶೋಧಕರು ಮಾಡಿದ್ದು, 1993ರಲ್ಲಿ ಪ್ರಕಟವಾಯಿತು. ಒಟ್ಟು 30 ಪ್ರಶ್ನೆ. ಕಳೆದ ವಾರ ನೋವಿತ್ತಾ, ನಿದ್ದೆ ಬಂತಾ, ವಾಂತಿ ಆಯ್ತಾ ಅಂತೆಲ್ಲ. ಕೊನೆಯ ಎರಡು ಬಿಟ್ಟರೆ ಎಲ್ಲಕ್ಕೂ ನಾಲ್ಕೇ ಉತ್ತರ: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ.

"ಬರೀ ಟಿಕ್ ತಾನೇ ಮೇಡಂ, ಕೊಡಿ, ನಾನೇ ಹಾಕ್ತೀನಿ." ಈ 'ಬರೀ ಟಿಕ್ ತಾನೇ' ಕೇಳಿದರೆ ಮೈ ಉರಿಯುತ್ತದೆ. ರಕ್ತ ಪರೀಕ್ಷೆಗೂ ಅಮ್ಮನ ಬದಲು ನೀವೇ ತೋಳು ಚಾಚುತ್ತೀರಾ?

ಒಬ್ಬ ಮಗ ಪೆನ್ ಕಸಿದುಕೊಂಡೇ ಶುರು ಮಾಡಿದ್ದ. ನೋವು? ಇಲ್ಲವೇ ಇಲ್ಲ. ಸುಸ್ತು? ಸ್ವಲ್ಪ. ತಾಯಿ ಪಕ್ಕದಲ್ಲೇ ಕೂತಿದ್ದರು. ಹೊಸ ಹಾಳೆ ತೆಗೆದು ಅವರಿಗೇ ಓದಿ ಹೇಳಿದೆ. ಓದಿ ಹೇಳಬಹುದು, ಉತ್ತರ ಹೇಳಿಕೊಡುವ ಹಾಗಿಲ್ಲ. ಮೊದಲನೇದು ಭಾರದ ಚೀಲವೋ ಸೂಟ್‌ಕೇಸೋ ಹೊರುವ ಬಗ್ಗೆ. "ನಾನ್ಯಾವ ಊರಿಗೆ ಹೊರಟಿದ್ದೀನಿ ತಾಯಿ? ಕೊಡ ಎತ್ತಕ್ಕೇ ಆಗಲ್ಲ" ಅಂದರು. ನೋವಿಗೆ 'ತುಂಬಾ' ಅಂದರು. "ಮೊನ್ನೆ ಇಲ್ಲ ಅಂದಿದ್ಯಲ್ಲಮ್ಮ?" ಅಂದ ಮಗ. "ನಿಂಗೆ ಹೇಳಿದ್ರೆ ಡ್ಯೂಟಿ ಬಿಟ್ಟು ಕೂರ್ತೀಯ." 28ನೇದು, ಕಾಯಿಲೆಯಿಂದ ಹಣದ ತೊಂದರೆ ಆಗಿದೆಯಾ ಅಂತ. ಕೇಳಬೇಡಿ ಅಂತ ಮಗ ಕಣ್ಸನ್ನೆ ಮಾಡಿದ. ಕೇಳಿದೆ. "ಸೈಟು ಮಾರಿದ್ದು ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದಾನೆ. ತುಂಬಾ ಅಂತಲೇ ಬರ್ಕೊಳಮ್ಮ."

ಎಲ್ಲರೂ ಹೀಗೇ ಅಂತಲ್ಲ. ಸಾಮಾನ್ಯವಾಗಿ ಮನೆಯವರು ರೋಗಿ ಹೇಳುವುದಕ್ಕಿಂತ ಜಾಸ್ತಿ ಕಷ್ಟ ಬರೆಯುತ್ತಾರೆ, ಡಾಕ್ಟರು ಕಡಿಮೆ ಬರೆಯುತ್ತಾರೆ. ಅದಕ್ಕೇ ರೋಗಿಯನ್ನೇ ಕೇಳುವುದು. "ಇವತ್ತು ಆಗಲ್ಲ, ಬಿಟ್ಬಿಡಿ" ಅಂದರೆ ಬಿಡುತ್ತೇನೆ, ಅದು ಅವರ ಹಕ್ಕು. ಆದರೆ ತೀರಾ ಸೋತವರ ಹಾಳೆಗಳೇ ಖಾಲಿ ಉಳಿದು ಗಟ್ಟಿಯಾಗಿರುವವರದ್ದು ಮಾತ್ರ ಲೆಕ್ಕಕ್ಕೆ ಬಂದರೆ, ಔಷಧಿ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

ಅಲ್ಲ, ಇಷ್ಟೆಲ್ಲ ಕೇಳುವವರು ಇದನ್ನು ಯಾರು ಓದುತ್ತಾರೆ, ಯಾವಾಗ ಓದುತ್ತಾರೆ ಅಂತ ಯಾಕೆ ಕೇಳಲ್ಲ? ಕೇಳಿದರೆ ನನಗೂ ಮುಜುಗರವೇ. ಎಷ್ಟೋ ಟ್ರಯಲ್‌ಗಳಲ್ಲಿ ಡಾಕ್ಟರು ಆ ದಿನ ಈ ಹಾಳೆ ನೋಡುವುದೇ ಇಲ್ಲ. ಉತ್ತರಗಳು 0ಯಿಂದ 100ರವರೆಗಿನ ಅಂಕಗಳಾಗಿ ಡೇಟಾಬೇಸ್ ಸೇರುತ್ತವೆ, ಅಷ್ಟೇ. ನೋಡಿದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕ್‌ನ ಒಂದು ಟ್ರಯಲ್ ಇದೆ. 766 ರೋಗಿಗಳು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು, ಜಾಸ್ತಿಯಾದರೆ ನರ್ಸ್‌ಗೆ ಇಮೇಲ್ ಹೋಗುತ್ತಿತ್ತು. 2017ರಲ್ಲಿ ಫಲಿತಾಂಶ ಬಂತು. ಮಾಮೂಲಿ ಆರೈಕೆಯ ಗುಂಪಿನಲ್ಲಿ ಅರ್ಧದಷ್ಟು ಜನ 26 ತಿಂಗಳು ದಾಟಿ ಬದುಕಿದ್ದರೆ, ಕಂಪ್ಯೂಟರಿನಲ್ಲಿ ದಾಖಲಿಸಿದವರ ಗುಂಪಿನಲ್ಲಿ ಅದು 31.2 ತಿಂಗಳು.

ನಮ್ಮಲ್ಲಿ ಆ ಇಮೇಲ್ ಇಲ್ಲ. ಹಾಗಾಗಿ ಹಾಳೆಯಲ್ಲಿ ಬರೆದಿದ್ದೀನಲ್ಲ ಅಂತ ಸುಮ್ನೆ ಕೂರಬೇಡಿ. ಒಳಗೆ ಹೋದಾಗ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹಾಂ, ಅಲ್ಲೂ ಅಮ್ಮನೇ ಹೇಳಲಿ.