ಮೊಸಳೆ ಗ್ಯಾರಂಟಿ ಅಂದ ದಿನ

ಕಾಸರಗೋಡಿನಲ್ಲಿ ಕಾರು ಓಡಿಸಲು ಶುರು ಮಾಡಿ 11 ವರ್ಷವಾಯಿತು. ಮೊದಲು ರೈಲ್ವೆ ಸ್ಟೇಷನ್ ಎದುರು ನಿಂತು ಸಿಕ್ಕಿದ ಬಾಡಿಗೆ ಹಿಡಿಯುತ್ತಿದ್ದೆ. ಈಗ ಜಾಸ್ತಿ ಬರುವುದು ಕರ್ನಾಟಕದ ಕುಟುಂಬಗಳು. ಬೆಳಿಗ್ಗೆ ರೈಲಿಳಿದವರಿಗೆ ದೇವಸ್ಥಾನ, ಕೋಟೆ, ಕಡಲು ಎಲ್ಲ ತೋರಿಸಿ ಮತ್ತೆ ಸ್ಟೇಷನ್ನಿಗೆ ಬಿಡುವುದು ಕೆಲಸ. ಕನ್ನಡ ಮಾತಾಡುವ ಡ್ರೈವರ್ ಅಂದರೆ ಅವರಿಗೂ ಧೈರ್ಯ.

2018ರ ಡಿಸೆಂಬರಿನಲ್ಲಿ ದಾವಣಗೆರೆಯಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಅಜ್ಜಿ, ಏಳು ವರ್ಷದ ಹುಡುಗ. ಎರಡು ದಿನ ಮೊದಲು ಫೋನಿನಲ್ಲಿ ಹುಡುಗ ಕೇಳಿದ್ದ, "ಅಂಕಲ್, ಆ ಅನ್ನ ತಿನ್ನೋ ಮೊಸಳೆ ಇರುತ್ತಾ?" ನಾನು ಅಂದೆ, "ಇರುತ್ತೆ ಪುಟ್ಟಾ, ಗ್ಯಾರಂಟಿ."

ಆಗ ಅನಂತಪುರ ದೇವಸ್ಥಾನದ ಮೊಸಳೆ ಬಬಿಯಾ ಬದುಕಿತ್ತು. ಕುಂಬಳೆ ಹತ್ತಿರದ ಈ ದೇವಸ್ಥಾನ ಇರುವುದು ಕೆರೆಯ ನಡುವೆ. ಸಣ್ಣ ಸೇತುವೆ ದಾಟಿ ಗರ್ಭಗುಡಿಗೆ ಹೋಗಬೇಕು. ತಿರುವನಂತಪುರದ ಅನಂತಪದ್ಮನಾಭನಿಗೆ ಇದೇ ಮೂಲಸ್ಥಾನ ಅನ್ನುವುದು ನಂಬಿಕೆ. ಕೆರೆಯ ಮೊಸಳೆಗೆ ನೈವೇದ್ಯದ ಅನ್ನ ಹಾಕುತ್ತಿದ್ದರು. ನಾನೇ ಹತ್ತಾರು ಸಲ ನೋಡಿದ್ದೆ. ಹಾಗಾಗಿ ಗ್ಯಾರಂಟಿ ಅನ್ನುವ ಮಾತು ಸಲೀಸಾಗಿ ಬಂದುಬಿಟ್ಟಿತು.

ಇನ್ನೊಂದು ತಪ್ಪೂ ನನ್ನದೇ. ಬಿಸಿಲೇರುವ ಮೊದಲು ಬೇಕಲ ಕೋಟೆ ಮುಗಿಸೋಣ ಅಂತ ನೇರ ತೆಂಕಕ್ಕೆ ಹೋದೆ. ಅಲ್ಲಿಂದ ವಾಪಸು ಬಡಗು ದಿಕ್ಕಿಗೆ ಬರುವಾಗ ಹೊತ್ತು ಏರಿತು. ಅನಂತಪುರ ತಲುಪುವಾಗ ಮಧ್ಯಾಹ್ನ ಒಂದು ಗಂಟೆ. ನಡೆ, ಅಂದರೆ ಗುಡಿಯ ಬಾಗಿಲು, ಮುಚ್ಚಿತ್ತು. ಇನ್ನು ತೆರೆಯುವುದು ಸಂಜೆಗೇ. ನಾನು ಇಲ್ಲೇ ಹುಟ್ಟಿ ಬೆಳೆದವನು, ಮಧ್ಯಾಹ್ನ ನಡೆ ಮುಚ್ಚುತ್ತದೆ ಅಂತ ಗೊತ್ತಿಲ್ಲದೆ ಏನಲ್ಲ. ಆದರೆ ಮ್ಯಾಪಿನಲ್ಲಿ ಕಿಲೋಮೀಟರ್ ಮಾತ್ರ ಲೆಕ್ಕ ಹಾಕಿದ್ದೆ.

ಕೆರೆಗೆ ಎರಡು ಸುತ್ತು ಹಾಕಿದೆವು. ಮುರಕಲ್ಲಿನ ನೆಲ ಕಾದು ಕೆಂಡವಾಗಿತ್ತು, ಬರಿಗಾಲು ಇಡುವ ಹಾಗಿರಲಿಲ್ಲ. ಮೊಸಳೆ ಗುಹೆಯಲ್ಲಿತ್ತೋ ನೀರಿನಡಿಯಲ್ಲಿತ್ತೋ, ಮೂಗಿನ ತುದಿಯೂ ಕಾಣಲಿಲ್ಲ. ಹುಡುಗ ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವನು ಅಳಲಿಲ್ಲ, ಕಾರಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿ ಕೂತ. ಅಪ್ಪ, "ಮೊಸಳೆ ಅಂತಲೇ ಬಂದಿದ್ದು ಸಾರ್, ನೀವೇ ಹೇಳಿದ್ರಿ" ಅಂದರು. ನಾನು ಏನೋ ಸಬೂಬು ಹೇಳತೊಡಗಿದೆ. ಹಿಂದಿನ ಸೀಟಿನಿಂದ ಅಜ್ಜಿ ಅಂದರು, "ಏನಪ್ಪಾ, ಅದೇನು ನಿಮ್ಮನೆ ನಾಯೀನಾ, ಕರೆದ ತಕ್ಷಣ ಬರೋಕೆ? ಇಲ್ಲದ ಮಾತು ಯಾಕೆ ಕೊಟ್ಟೆ?"

ಆ ದಿನ ಬಾಡಿಗೆ ಪೂರ್ತಿ ಕೊಟ್ಟರು. ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಮೊಸಳೆ ಮೊಸಳೆ ಅಂತ ಹೇಳುವ ಭರದಲ್ಲಿ ನಾನು ಆ ಜಾಗದ ಬಗ್ಗೆ ಏನನ್ನೂ ಹೇಳಿರಲಿಲ್ಲ. ಅಲ್ಲಿನ ಮೂಲ ವಿಗ್ರಹ ಕಲ್ಲಿನದ್ದೂ ಅಲ್ಲ, ಲೋಹದ್ದೂ ಅಲ್ಲ, ಔಷಧೀಯ ವಸ್ತುಗಳಿಂದ ಮಾಡಿದ ಕಡುಶರ್ಕರ ಪಾಕದ್ದು. ಇದನ್ನು ಕೇಳಿದ್ದರೆ ಅಜ್ಜಿಗೆ ಖುಷಿಯಾಗುತ್ತಿತ್ತು. ಬೇಕಲದಲ್ಲೂ ಹಾಗೇ ಮಾಡಿದ್ದೆ. "ಸಿನಿಮಾ ಶೂಟಿಂಗ್ ಆದ ಜಾಗ, ಫೋಟೋ ತೆಗೀರಿ" ಅಂತ ಬಿಟ್ಟು ಬಂದಿದ್ದೆ.

ಈಗ ಬೇಕಲಕ್ಕೆ ಹೋದರೆ ಕೋಟೆ ಗೋಡೆಯ ಕಂಡಿಗಳ ಹತ್ತಿರ ಮಕ್ಕಳನ್ನು ನಿಲ್ಲಿಸುತ್ತೇನೆ. ಮೇಲಿನ ಕಂಡಿಯಲ್ಲಿ ಕಣ್ಣಿಟ್ಟರೆ ದೂರದ ಕಡಲು ಕಾಣುತ್ತದೆ. ಅದರ ಕೆಳಗಿನದರಲ್ಲಿ ಸ್ವಲ್ಪ ಹತ್ತಿರ. ಎಲ್ಲಕ್ಕಿಂತ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಎಷ್ಟು ಹತ್ತಿರ ಬಂದಿದ್ದಾನೆ ನೋಡಿ ಅದಕ್ಕೆ ಸರಿಯಾದ ಕಂಡಿಯಿಂದ ಗುಂಡು. "ನೀನು ಹಡಗಿನಲ್ಲಿ ಬರ್ತಿದ್ದೀಯ, ನಾನು ಇಲ್ಲಿದ್ದೇನೆ" ಅಂದರೆ ಸಾಕು, ಅರ್ಧ ಗಂಟೆ ಮಕ್ಕಳು ಅಲ್ಲಿಂದ ಅಲ್ಲಾಡುವುದಿಲ್ಲ. 1650ರ ಹೊತ್ತಿಗೆ ಇದನ್ನು ಕಟ್ಟಿಸಿದ್ದು ಕೆಳದಿಯ ಶಿವಪ್ಪನಾಯಕ ಅಂದಾಗ ಶಿವಮೊಗ್ಗ ಕಡೆಯವರ ಮುಖ ನೋಡಬೇಕು! ಕೇರಳದ ಅತಿ ದೊಡ್ಡ ಕೋಟೆ ತಮ್ಮ ಊರಿನ ದೊರೆಯದ್ದು ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಕೋಟೆ ಬಾಗಿಲಲ್ಲೇ ಮುಖ್ಯಪ್ರಾಣನ ಗುಡಿ ಇದೆ, ಹಿರಿಯರು ಅಲ್ಲೇ ಕೂತು ದಣಿವಾರಿಸಿಕೊಳ್ಳುತ್ತಾರೆ.

ದಾರಿಯನ್ನೂ ತಿರುಗಿಸಿದ್ದೇನೆ. ಬೆಳಿಗ್ಗೆ ಮೊದಲು ಅನಂತಪುರ, ನಡೆ ಮುಚ್ಚುವ ಮೊದಲು ಮಧೂರು ಗಣಪತಿ ದೇವಸ್ಥಾನ, ಊಟ, ಆಮೇಲೆ ತೆಂಕಕ್ಕೆ. ಸೂರ್ಯ ಮುಳುಗುವಾಗ ಕಡಲು. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು ಅಂತ ಹಿಂದಿನ ದಿನವೇ ಹೇಳಿಬಿಡುತ್ತೇನೆ. ಡಿಕ್ಕಿಯಲ್ಲಿ ಎರಡು ಪಂಚೆ, ನಾಲ್ಕು ಬೈರಾಸು (ಟವೆಲ್) ಯಾವಾಗಲೂ ಇರುತ್ತವೆ. ಮಳೆಗಾಲದಲ್ಲಿ ಮಧೂರಿಗೆ ಹೊರಡುವ ಮೊದಲು ಅಲ್ಲಿನವರಿಗೆ ಒಂದು ಫೋನು. ಮಧುವಾಹಿನಿ ಹೊಳೆ ಉಕ್ಕಿದರೆ ಅಂಗಳದೊಳಗೇ ನೀರು. ತಳಂಗರೆಯ ಮಾಲಿಕ್ ದೀನಾರ್ ಮಸೀದಿಗೆ ಶುಕ್ರವಾರ ಮಧ್ಯಾಹ್ನ ಪ್ರವಾಸಿಗರನ್ನು ಕರೆದುಕೊಂಡು ಹೋಗುವುದಿಲ್ಲ. ಅದು ಪ್ರಾರ್ಥನೆಯ ಹೊತ್ತು, ನೋಡುವ ಹೊತ್ತಲ್ಲ. ಒಮ್ಮೆ ಹೋಗಿ ಪೇಚಿಗೆ ಸಿಕ್ಕಿದ್ದೇನೆ, ವಿವರ ಬೇಡ.

ಹೆದ್ದಾರಿ ಅಗಲ ಮಾಡಿದ ಮೇಲೆ ತಿರುಗುವ ಜಾಗಗಳೇ ಬದಲಾದವು, ಅದು ಬೇರೆ ಕಥೆ.

ಕಡಲಾಮೆ ವಿಷಯದಲ್ಲಿ ಮಾತ್ರ ಇನ್ನೂ ಕಷ್ಟ. ನೀಲೇಶ್ವರದ ತೈಕಡಪ್ಪುರ ಕಡಲ ತೀರದಲ್ಲಿ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಸ್ಥಳೀಯರು ಮೊಟ್ಟೆ ಕಾದು, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಒಡೆಯಲು ಒಂದೂವರೆ ತಿಂಗಳಿಗಿಂತ ಜಾಸ್ತಿ ಬೇಕು. ಯಾವ ದಿನ ಒಡೆಯುತ್ತದೆ ಅಂತ ತಾರೀಖು ಕೇಳಿದರೆ ಎಲ್ಲಿಂದ ಕೊಡಲಿ? ಸಿಕ್ಕಿದರೂ ಮೊಬೈಲ್ ಟಾರ್ಚ್ ಹಾಕಬಾರದು. ಮರಿಗಳು ಕಡಲ ಕಡೆಯ ಬೆಳಕು ನೋಡಿ ಹೋಗುತ್ತವೆ, ನಮ್ಮ ಬೆಳಕು ಕಂಡರೆ ದಾರಿ ತಪ್ಪುತ್ತವೆ. ಇದನ್ನು ಕಾರಿನಲ್ಲೇ ಹೇಳಬೇಕು. ಮರಳಿನ ಮೇಲೆ ನಿಂತ ಮೇಲೆ ಯಾರೂ ಕೇಳುವುದಿಲ್ಲ.

2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಮರ, ಹೂವು, ಹಕ್ಕಿ, ಪ್ರಾಣಿ ಅಂತ ಘೋಷಿಸಿಕೊಂಡಿತು. ಮರ ಕಾಸರಕ, ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು. ಪ್ರಾಣಿ ಯಾವುದು ಗೊತ್ತಾ? ಚಂದ್ರಗಿರಿ ಹೊಳೆಯಲ್ಲಿರುವ ಮೆತ್ತನೆ ಚಿಪ್ಪಿನ ದೊಡ್ಡ ಆಮೆ. ದಿನದ ಹೆಚ್ಚು ಹೊತ್ತು ಮರಳಿನಲ್ಲಿ ಹುದುಗಿಕೊಂಡೇ ಇರುತ್ತದೆ. ಸೇತುವೆ ದಾಟುವಾಗ, "ಇದರ ಕೆಳಗೆಲ್ಲೋ ಇದೆ, ನಾನೂ ನೋಡಿಲ್ಲ" ಅನ್ನುತ್ತೇನೆ. ಮಕ್ಕಳು ಕಿಟಕಿಗೆ ಅಂಟಿಕೊಂಡು ನೀರನ್ನೇ ನೋಡುತ್ತಾರೆ.

2022ರ ಅಕ್ಟೋಬರ್ 9ರ ರಾತ್ರಿ ಬಬಿಯಾ ಸತ್ತಿತು. ಮರುದಿನ ನೋಡಲು ಬಂದ ಜನಸಾಗರದಲ್ಲಿ ನಾನೂ ಇದ್ದೆ. ದಾವಣಗೆರೆಯ ಹುಡುಗನ ನೆನಪಾಯಿತು, ನಂಬರ್ ಇದ್ದರೂ ಫೋನ್ ಮಾಡಲು ಮನಸ್ಸಾಗಲಿಲ್ಲ. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಸಣ್ಣ ಮೊಸಳೆ ಕಾಣಿಸಿಕೊಂಡಿತು. ಫೋನುಗಳು ಮತ್ತೆ ಶುರುವಾದವು.

ಈಗ ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸುವ ಪಟ್ಟಿಯ ಕೊನೆಗೆ ಒಂದು ಸಾಲು ಇರುತ್ತದೆ: "ಮೊಸಳೆ, ಆಮೆ, ಹದ್ದು: ಕಂಡರೆ ಕಂಡಿತು." ಕಳೆದ ತಿಂಗಳು ಹುಬ್ಬಳ್ಳಿಯವರೊಬ್ಬರು ಅದನ್ನು ಓದಿ, "ಹಂಗಾದ್ರ ಮೊಸಳಿ ಕಾಣಲಿಲ್ಲಂದ್ರ 500 ರೂಪಾಯಿ ಕಡಿಮಿ ಮಾಡ್ತೀರೇನ್ರಿ?" ಅಂತ ಕೇಳಿದರು. "ಕಂಡರೆ 500 ಜಾಸ್ತಿ ಕೊಡ್ತೀರಾ ಸಾರ್?" ಅಂದೆ. ಆ ಕಡೆಯಿಂದ ಜೋರು ನಗು. ಬರುವ ಭಾನುವಾರ ಬರುತ್ತಿದ್ದಾರೆ, ಮನೆಯಿಂದ ಆರು ಜನ.