ಮದುವೆ ಮನೆಯ ಕತ್ತಿ, ಕೊನೆಯ ಕಲ್ಲು

ಸಿದ್ದಾಪುರದ ಕಡೆಯ ನಮ್ಮ ನೆಂಟರ ಮನೆಗಳಲ್ಲಿ ಮದುವೆಯ ಹಿಂದಿನ ಸಂಜೆ ಊರವರೆಲ್ಲ ಸೇರಿ ತರಕಾರಿ ಹೆಚ್ಚುವ ರೂಢಿ ಇನ್ನೂ ಉಳಿದಿದೆ. ಅಡುಗೆಯನ್ನು ಗುತ್ತಿಗೆಗೆ ಕೊಟ್ಟರೂ ಹೆಚ್ಚುವ ಕೆಲಸವನ್ನು ಮಾತ್ರ ಯಾರೂ ಬಿಟ್ಟುಕೊಟ್ಟಿಲ್ಲ. ಊರಿನ ಸುದ್ದಿಯೆಲ್ಲ ವಿಲೇವಾರಿಯಾಗುವುದು ಅಲ್ಲಿಯೇ. ಕಳೆದ ಚಳಿಗಾಲದ ಮದುವೆಯಲ್ಲಿ ನನ್ನ ಪಾಲಿಗೆ ಬಂದದ್ದು ಕತ್ತಿ ಮಸೆಯುವ ಕೆಲಸ. ನನಗೆ ಮಸೆಗಲ್ಲಿನ ಹುಚ್ಚು ಹಿಡಿದಿರುವ ಸುದ್ದಿ ಹೇಗೋ ಭಾವನ ಕಿವಿಗೆ ಬಿದ್ದಿತ್ತು. “ಬರುವಾಗ ನಿನ್ನ ಕಲ್ಲುಗಳನ್ನೆಲ್ಲ ತಂದುಬಿಡು ಮಾರಾಯ, ಇಲ್ಲಿ ಕತ್ತಿಗಳ ಬೆನ್ನು ಯಾವುದು ಬಾಯಿ ಯಾವುದು ಎಂದೇ ತಿಳಿಯುವುದಿಲ್ಲ” ಎಂದು ಫೋನಿನಲ್ಲಿ ಹೇಳಿದ್ದ.

ಊಟ ಮುಗಿಸಿ ಬಾವಿಕಟ್ಟೆಯ ಹತ್ತಿರ ಕುಳಿತೆ. ಎದುರಿಗೆ ಒಂದು ಹೆಡಿಗೆ ತುಂಬ ಕತ್ತಿ. ಪೇಟೆಯ ಸ್ಟೀಲ್ ಚಾಕುಗಳು, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಊರಿನ ಕುಲುಮೆಯಲ್ಲಿ ಬಡಿಸಿದ ದಪ್ಪ ಕತ್ತಿಗಳು, ಅಕ್ಕಪಕ್ಕದ ಮನೆಗಳಿಂದ ಬಂದ ಮೆಟ್ಟುಗತ್ತಿಗಳು, ಅಂದರೆ ಈಳಿಗೆ ಮಣೆಗಳು. ನನ್ನ ಪೆಟ್ಟಿಗೆಯಲ್ಲಿ 400, 1000, 3000 ಮತ್ತು 8000 ನಂಬರಿನ ನೀರುಗಲ್ಲುಗಳು (ನೀರು ಹಾಕಿ ಮಸೆಯುವ ಕಲ್ಲುಗಳು), ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿ, ಅದಕ್ಕೆ ತಿಕ್ಕುವ ಹಸಿರು ಪಾಲಿಶ್ ಬಾರು, ವಜ್ರದ ಪುಡಿ ಕಲಸಿದ ಪೇಸ್ಟಿನ ಒಂದು ಸಿರಿಂಜು.

ಈ ನಂಬರುಗಳ ಬಗ್ಗೆ ಒಂದು ಮಾತು. ಜಪಾನಿನ ಅಳತೆಯಲ್ಲಿ 1000 ನಂಬರಿನ ಕಲ್ಲಿನಲ್ಲಿ ಉಕ್ಕನ್ನು ಸವೆಸುವ ಹರಳು ಸುಮಾರು 11.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), 3000ದ್ದು 4, 8000ದ್ದು 1.2. ಬಣ್ಣದಂಗಡಿಯಲ್ಲಿ ಸಿಗುವ ವಾಟರ್ ಪೇಪರಿನ ಲೆಕ್ಕವೇ ಬೇರೆ. ಹಿಂಬದಿಯಲ್ಲಿ ‘ಪಿ 2000’ ಎಂದು ಅಚ್ಚಾಗಿದ್ದರೆ ಅದರ ಹರಳು ಸುಮಾರು 10 ಮೈಕ್ರಾನ್. ಅಂದರೆ ಅದು 1000 ನಂಬರಿನ ಕಲ್ಲಿಗಿಂತ ಕೂದಲೆಳೆಯಷ್ಟು ನಯ, ಅಷ್ಟೆ. ಹಸಿರು ಬಾರಿನಲ್ಲಿರುವುದು ಕ್ರೋಮಿಯಂ ಆಕ್ಸೈಡ್. ಒಳ್ಳೆಯದಾದರೆ ಅರ್ಧ ಮೈಕ್ರಾನಿನ ಆಸುಪಾಸು. ನಂಬರು ನೋಡಿ ಕೊಳ್ಳುವವರು ಇದನ್ನು ತಿಳಿದಿದ್ದರೆ ಅಂಗಡಿಯವನ ಮಾತಿಗೆ ಅಷ್ಟು ಸುಲಭವಾಗಿ ತಲೆ ಆಡಿಸುವುದಿಲ್ಲ.

ಮೊದಲು ಮೆಟ್ಟುಗತ್ತಿಗಳನ್ನು ಮುಗಿಸಿದೆ. ಅವುಗಳ ಅಲಗು ಒಳಕ್ಕೆ ಬಾಗಿರುವುದರಿಂದ ಚಪ್ಪಟೆ ಕಲ್ಲು ಅಲ್ಲಿ ನಿರುಪಯೋಗಿ. ತುಂಡು ಪಿ.ವಿ.ಸಿ. ಪೈಪಿಗೆ ವಾಟರ್ ಪೇಪರ್ ಸುತ್ತಿ, ಒದ್ದೆ ಮಾಡಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸುತ್ತ ಬರಬೇಕು. ತಿರುಗಾಮುರುಗಾ ಮಾಡಿದರೆ ಕಾಗದ ಸೀಳಿಹೋಗುತ್ತದೆ. 400ರಲ್ಲಿ ಆರಂಭಿಸಿ 1000ಕ್ಕೆ ಬಂದು ನಿಲ್ಲಿಸಿದೆ. ಕುಂಬಳಕಾಯಿ, ಬಾಳೆಕಾಯಿ ಹೋಳು ಮಾಡುವ ಅಲಗಿಗೆ ಇದಕ್ಕಿಂತ ನಯ ಬೇಕಿಲ್ಲ.

ಸ್ಟೀಲ್ ಚಾಕುಗಳಿಗೆ ಹೊತ್ತು ಹಿಡಿಯಿತು. 1000ದ ಕಲ್ಲಿನ ಮೇಲೆ ಒಂದು ಬದಿಯನ್ನು ಉಜ್ಜುತ್ತ ಹೋದರೆ ಅಂಚಿನ ಲೋಹ ತೆಳುವಾಗಿ ಎದುರು ಬದಿಗೆ ಮಡಚಿಕೊಳ್ಳುತ್ತದೆ. ಲೇತ್ ಕೆಲಸದವರು ಇದನ್ನು ಬರ್ ಎನ್ನುತ್ತಾರೆ. ಕಣ್ಣಿಗೆ ಕಾಣುವುದು ಅಪರೂಪ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನಾಚೆಗೆ ಮೆಲ್ಲಗೆ ಸವರಿದರೆ ಚರ್ಮಕ್ಕೆ ಸಿಕ್ಕಿಕೊಂಡಂತಾಗುತ್ತದೆ. ಹಿಡಿಯಿಂದ ತುದಿಯವರೆಗೆ ಅದು ಎದ್ದ ಮೇಲೆಯೇ ಇನ್ನೊಂದು ಬದಿ, ಆಮೇಲೆ ಮುಂದಿನ ಕಲ್ಲು. ಬರ್ ಏಳದ ಕತ್ತಿಯನ್ನು 8000ದ ಮೇಲೆ ಎಷ್ಟು ತಿಕ್ಕಿದರೂ ಅದು ಹೊಳೆಯುವ ಮೊಂಡು ಕತ್ತಿಯೇ ಸರಿ. ಎದ್ದ ಬರ್ ಕಳಚದಿದ್ದರೂ ಕಷ್ಟವೇ. ಮೊದಲ ಟೊಮೆಟೊವನ್ನು ಬೆಣ್ಣೆ ಕೊಯ್ದಂತೆ ಕೊಯ್ದು, ಹತ್ತನೆಯದರ ಹೊತ್ತಿಗೆ ಆ ಎಳೆ ಮಗುಚಿ ಬಿದ್ದು ಕತ್ತಿ ಸತ್ತಿರುತ್ತದೆ. ಕೊನೆಯ ಕಲ್ಲಿನ ಮುಖ್ಯ ಕೆಲಸ ಇದನ್ನು ಕಳಚುವುದು. ಹೊಳಪು ಅದರ ಜೊತೆಗೆ ಬರುವ ಅಲಂಕಾರ.

ಒಂದೇ ಕಂಪನಿಯ, ಒಟ್ಟಿಗೆ ಕೊಂಡ ಎರಡು ಚಾಕುಗಳು ಹೆಡಿಗೆಯಲ್ಲಿ ಸಿಕ್ಕಿದ್ದರಿಂದ ಒಂದು ಚಪಲ ಹುಟ್ಟಿತು. ಒಂದನ್ನು 1000ಕ್ಕೆ ನಿಲ್ಲಿಸಿ, ಹಸಿರು ತಿಕ್ಕಿದ ಚರ್ಮದ ಮೇಲೆ ಕೆಲವೇ ಸಲ ಹಿಂದಕ್ಕೆ ಎಳೆದೆ. ಇನ್ನೊಂದನ್ನು 3000, 8000 ದಾಟಿಸಿ, ಅದೇ ಚರ್ಮದ ಮೇಲೆ ಸಾವಕಾಶವಾಗಿ ಎಳೆದು, ಅಂಚಿನಲ್ಲಿ ಚಪ್ಪರದ ತೋರಣ ಕಾಣುವಂತೆ ಮಾಡಿದೆ. ಎರಡನ್ನೂ ಏನೂ ಹೇಳದೆ ಅತ್ತೆಯ ಮುಂದಿಟ್ಟೆ.

ಮೊದಮೊದಲು ಅವರು ಹೊಳೆಯುವುದನ್ನೇ ಎತ್ತಿಕೊಂಡರು. ಕೋಸಂಬರಿಯ ಸೌತೆಕಾಯಿ ಅದರ ಕೆಳಗೆ ಸದ್ದಿಲ್ಲದೆ ಬಿಲ್ಲೆಬಿಲ್ಲೆಯಾಗಿ ಬಿತ್ತು. ಕೊಯ್ದ ಮೈ ಗಾಜಿನಷ್ಟು ನುಣುಪು, ನೀರು ಒಸರಿದ್ದೂ ಕಡಿಮೆ. ಆಮೇಲೆ ಸಾರಿನ ಟೊಮೆಟೊ ಬುಟ್ಟಿ ಬಂತು. ಸ್ವಲ್ಪ ಹೊತ್ತು ಎಲ್ಲವೂ ಸುಸೂತ್ರ. ಕತ್ತಲಾಗುವ ಹೊತ್ತಿಗೆ ಅತ್ತೆ ಕರೆದರು.

“ಇದು ನೋಡಲಿಕ್ಕೆ ಚೆಂದ ಮಾರಾಯ, ಆದರೆ ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ. ಆ ಇನ್ನೊಂದೇ ಒಳ್ಳೆಯದು.”

1000ದ ಕಲ್ಲು ಅಂಚಿನಲ್ಲಿ ಬಿಟ್ಟ ಸಣ್ಣ ಗೀರುಗಳು ಸೂಕ್ಷ್ಮ ಗರಗಸದ ಹಲ್ಲಿನಂತೆ ಸಿಪ್ಪೆಯನ್ನು ಕಚ್ಚುತ್ತವೆ. ಎಳೆದು ಕೊಯ್ಯುವ ಕೆಲಸಕ್ಕೆ ಅವು ಬೇಕು. ಹಲ್ಲುಗಳನ್ನೆಲ್ಲ ಅಳಿಸಿದ ಅಂಚು ಒತ್ತಿ ಕೊಯ್ಯುವುದರಲ್ಲಿ ಜಾಣ. ಅಗ್ಗದ ಸ್ಟೀಲ್ ಮೆತ್ತಗಿರುವುದರಿಂದ ಆ ನಯ ಮರದ ಮಣೆಗೆ ತಾಗಿ ತಾಗಿ ಬೇಗ ಬಾಗುತ್ತದೆ, ಕಚ್ಚಲು ಹಲ್ಲೂ ಇರುವುದಿಲ್ಲ. ಅತ್ತೆ ಹೇಳಿದ್ದನ್ನು ಹತ್ತು ಪಟ್ಟು ದೊಡ್ಡದಾಗಿಸುವ ಮಸೂರದಲ್ಲಿ ನೋಡಿದೆ: ಒಂದರ ಅಂಚಿನಲ್ಲಿ ಓರೆ ಗೀರುಗಳು ಹಾಗೆಯೇ ಇದ್ದವು, ಇನ್ನೊಂದರ ಕನ್ನಡಿಯ ತುದಿಯಲ್ಲಿ ಬಿಳಿ ಗೆರೆಯೊಂದು ಬೆಳಕಿಗೆ ಮಿನುಗುತ್ತಿತ್ತು. ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ಮಿನುಗಿದಲ್ಲಿ ಮೊಂಡಾಗಿದೆ ಎಂದೇ ತಿಳಿಯಬೇಕು.

ಆದ್ದರಿಂದ ಕೊನೆಯ ಕಲ್ಲನ್ನು ಆರಿಸುವಾಗ ನಾನು ಕೇಳಿಕೊಳ್ಳುವುದು ಎರಡೇ: ಏನನ್ನು ಕೊಯ್ಯಬೇಕು, ಉಕ್ಕು ಎಂಥದ್ದು. ತರಕಾರಿಯ ಅಡುಗೆಮನೆಗೆ 1000, ಹೆಚ್ಚೆಂದರೆ 3000, ಆಮೇಲೆ ಚರ್ಮ. ಕ್ಷೌರದ ಕತ್ತಿಗೆ, ಮರಗೆಲಸದ ಉಳಿಗೆ 8000 ಸಾರ್ಥಕ. ವಜ್ರದ ಪೇಸ್ಟು ಆ ದಿನ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ಅದು ಬೇಕಾಗುವುದು ವೆನೇಡಿಯಂ ಹೆಚ್ಚಿರುವ ದುಬಾರಿ ಉಕ್ಕಿಗೆ. ಅದರೊಳಗಿನ ವೆನೇಡಿಯಂ ಕಾರ್ಬೈಡಿನ ಕಣಗಳು ಸಾಮಾನ್ಯ ಕಲ್ಲಿನ ಹರಳಾದ ಅಲ್ಯೂಮಿನಾಗಿಂತ ಗಟ್ಟಿ. ಲಾರಿಯ ಪಟ್ಟಿಗೆ ವಜ್ರ ತಿಕ್ಕುವುದು ಶುದ್ಧ ದುಂದು.

ಮರುದಿನ ಹೊರಡುವಾಗ ಭಾವ ಯಾವ ಕಲ್ಲು ಕೊಳ್ಳಲಿ ಎಂದು ಕೇಳಿದ. ಒಂದು 1000 ಕೊಂಡುಕೋ, ಹಳೆಯ ಬೆಲ್ಟಿನ ಚರ್ಮವನ್ನು ಹಲಗೆಗೆ ಅಂಟಿಸು, ಸಾಕು ಎಂದೆ. ತಲೆ ಆಡಿಸಿದ. ತಿಂಗಳೊಳಗೆ ಮೊಬೈಲಿಗೆ ಒಂದು ಚಿತ್ರ ಬಂತು: ಮೇಜಿನ ಮೇಲೆ ಇನ್ನೂ ಒದ್ದೆಯಾಗದ ಹೊಚ್ಚಹೊಸ ಕಲ್ಲು, ನಂಬರು 10000. ಜೊತೆಗೆ ಅವನ ಪ್ರಶ್ನೆ: “ಇದರ ಮೇಲೆ ಅಡಿಕೆ ಕತ್ತಿ ಮಸೆಯಬಹುದಲ್ಲವೇ?”