ಸದನದ ಗದ್ದಲ
ವಿಧಾನಮಂಡಲದ ಕಲಾಪ ನೋಡಲು ಕೂತರೆ ಈಗೀಗ ಸಂಕಟವಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಉಪಸಭಾಪತಿಯನ್ನು ಪೀಠದಿಂದಲೇ ಎಳೆದು ಇಳಿಸಿದರು. ಹಿರಿಯರ ಮನೆ ಅಂತ ನಾವು ಕರೆಯುವ ಜಾಗ ಅದು! 2025ರ ಮಾರ್ಚ್‌ನಲ್ಲಿ ವಿಧಾನಸಭೆಯ ಸ್ಪೀಕರ್ ಪೀಠದತ್ತ ಹರಿದ ಕಾಗದ ತೂರಿದರು, 18 ಶಾಸಕರು ಅಮಾನತಾದರು. ಅಲ್ಲಿ ಒಂದು ಪಕ್ಷ, ಇಲ್ಲಿ ಇನ್ನೊಂದು. ಯಾರ ಪರ ನಿಲ್ಲುವುದು?

ಸಿಟ್ಟೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಮಾಜವಾದಿ ನಾಯಕ, ಶಾಸಕರಾಗಿದ್ದ ಶಾಂತವೇರಿ ಗೋಪಾಲಗೌಡರೂ ಸಿಟ್ಟಿನಿಂದಲೇ ಮಾತಾಡಿದವರು. ಆದರೆ ಆ ಸಿಟ್ಟಿನ ಹಿಂದೆ ಭೂಮಾಲೀಕರ ವಿರುದ್ಧ ಹೋರಾಡಿದ ಕಾಗೋಡಿನ ಗೇಣಿದಾರರಿದ್ದರು.

ನನ್ನನ್ನು ಜಾಸ್ತಿ ಕಾಡುವುದು ಬೇರೆ. ಇಂಥ ಗದ್ದಲದ ನಡುವೆಯೇ ಮಸೂದೆಗಳು ಚರ್ಚೆಯಿಲ್ಲದೆ ಪಾಸಾಗಿಬಿಡುತ್ತವೆ. ನಾಳೆ ನಮ್ಮ ಮೇಲೆ ಜಾರಿಯಾಗುವ ಕಾನೂನು ಅವು, ಅಲ್ವಾ? ಒಬ್ಬರಾದರೂ ಪೂರ್ತಿ ಓದಿ, ಎದ್ದು ನಿಂತು, ಒಂದು ಪ್ರಶ್ನೆ ಕೇಳಬೇಕಿತ್ತು.